ಗಂಡು ಪತಂಗಕ್ಕೆ ಹೆಣ್ಣಿನ ವಾಸನೆ ಸಿಗುವುದು ಹೇಗೆ? ಹೊಲದ ಮೋಹಕ ಬಲೆಯಿಂದ ಶುರು ಮಾಡೋಣ

ಹೋದ ವಾರ ರಾಯಚೂರು ಕಡೆ ನಮ್ಮ ಮಾವನವರ ಊರಿಗೆ ಹೋಗಿದ್ದೆ. ಹತ್ತಿ ಸೊಂಟದವರೆಗೆ ಬಂದಿತ್ತು, ಕಾಯಿ ಕಟ್ಟುವ ಹೊತ್ತು. ಹೊಲದಲ್ಲಿ ಅಲ್ಲಲ್ಲಿ ಕೋಲು ನೆಟ್ಟು, ಗಿಡದ ತುದಿಗಿಂತ ಒಂದು ಗೇಣು ಮೇಲೆ ಪ್ಲಾಸ್ಟಿಕ್ ಆಲಿಕೆ ಕಟ್ಟಿದ್ದರು. ಆಲಿಕೆಯ ಮೇಲೊಂದು ಮುಚ್ಚಳ, ಕೆಳಗೆ ಉದ್ದನೆಯ ಪಾಲಿಥಿನ್ ಚೀಲ. ಮಾವ ಚೀಲದ ತುದಿಯ ರಬ್ಬರ್ ಬ್ಯಾಂಡ್ ಬಿಚ್ಚಿ ಅಂಗೈ ಮೇಲೆ ಸುರಿದು ತೋರಿಸಿದರು. ಬೂದು ಮಿಶ್ರಿತ ಕಂದು ಬಣ್ಣದ ಸಣ್ಣ ಪತಂಗಗಳು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು. ಹತ್ತಿ ಕಾಯಿ ಕೊರೆಯುವ ಗುಲಾಬಿ ಕಾಯಿಕೊರಕ ಎಂಬ ಹುಳುವಿನ ಪತಂಗಗಳು ಇವು. ಎಣಿಸಿದರೆ ಹನ್ನೊಂದು. "ಎಲ್ಲಾ ಗಂಡು, ಒಂದೂ ಹೆಣ್ಣಿಲ್ಲ ನೋಡಿ" ಅಂದರು.

ಮುಚ್ಚಳದ ಅಡಿಯಲ್ಲಿ ಒಂದು ರಬ್ಬರ್ ತುಂಡು ಸಿಕ್ಕಿಸಿತ್ತು. ಪೆನ್ಸಿಲ್ ಹಿಂದೆ ಇರುವ ರಬ್ಬರಿನಷ್ಟೇ ಇರಬಹುದು. ಮೂಗು ಹತ್ತಿರ ತಂದು ಮೂಸಿ ನೋಡಿದೆ. ರಬ್ಬರ್ ವಾಸನೆ ಬಿಟ್ಟರೆ ಏನೂ ಇಲ್ಲ. ಆದರೆ ಹಿಂದಿನ ರಾತ್ರಿ ಹನ್ನೊಂದು ಗಂಡುಗಳು ಕತ್ತಲಲ್ಲಿ ಅದನ್ನೇ ಹುಡುಕಿಕೊಂಡು ಬಂದಿದ್ದವು. ಅಷ್ಟರಲ್ಲಿ ಪಕ್ಕದ ಹೊಲದವರು ಬಂದರು. "ಇದ್ರಾಗ ವಿಷ ಐತೇನ್ರಿ? ಮತ್ತ ನಮ್ಮ ಹೊಲದ ಹುಳಾನೂ ಇತ್ತಾಗ ಬರ್ತಾವೇನು?" ಅಂತ ಕೇಳಿದರು. ಮಾವ ನನ್ನ ಮುಖ ನೋಡಿದರು. ಅವರ ಎರಡೂ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಬೇಕೆಂದರೆ ಪತಂಗದ ಮೂಗಿನೊಳಗೆ ಇಳಿಯಬೇಕು. ಇಳಿಯೋಣ.

ಮೊದಲು ಎರಡು ಮೂರು ಪದ

ಪತಂಗ ಚಿಟ್ಟೆಯ ಹತ್ತಿರದ ಸಂಬಂಧಿ. ಹೆಚ್ಚಿನವು ರಾತ್ರಿ ಓಡಾಡುತ್ತವೆ. ರೇಷ್ಮೆ ಬೆಳೆಯುವವರು ಇದನ್ನೂ ಚಿಟ್ಟೆ ಅಂತಲೇ ಕರೆಯುತ್ತಾರೆ. ಹೊಲದಲ್ಲಿ ನಾವು ಹುಳು ಅನ್ನುವುದು ಈ ಪತಂಗದ ಮರಿಯನ್ನು. ಕಾಯಿ ಕೊರೆಯುವುದು ಹುಳು. ಬೆಳೆದ ಪತಂಗ ಕಾಯಿಯ ತಂಟೆಗೆ ಹೋಗುವುದಿಲ್ಲ, ಅದಕ್ಕೆ ಉಳಿದಿರುವ ಕೆಲಸ ಜೋಡಿ ಹುಡುಕುವುದು, ಮೊಟ್ಟೆ ಇಡುವುದು, ಅಷ್ಟೇ.

ಫೆರೊಮೋನ್ ಅಂದರೆ ಒಂದು ಜೀವಿ ಮೈಯಿಂದ ಹೊರಗೆ ಬಿಡುವ ರಾಸಾಯನಿಕ. ಅದೇ ಜಾತಿಯ ಇನ್ನೊಂದು ಜೀವಿಗೆ ಅದು ತಾಕಿದರೆ ಅದರ ನಡವಳಿಕೆ ಬದಲಾಗುತ್ತದೆ. ಅಡುಗೆಮನೆ ಗೋಡೆಯಲ್ಲಿ ಇರುವೆ ಸಾಲು ಹೋಗುತ್ತಿರುವಾಗ ನಡುವೆ ಬೆರಳಿಂದ ಒರೆಸಿ ನೋಡಿ. ಹಿಂದೆ ಬರುವ ಇರುವೆಗಳು ಆ ಜಾಗಕ್ಕೆ ಬಂದು ಗಲಿಬಿಲಿಗೊಂಡು ಅತ್ತಿತ್ತ ತಡಕಾಡುತ್ತವೆ. ಬೆರಳು ಅಳಿಸಿದ್ದು ಅವುಗಳ ಫೆರೊಮೋನ್ ದಾರಿಯನ್ನು. ಈ ಪದವನ್ನು ಕಟ್ಟಿದ್ದು 1959ರಲ್ಲಿ, ಪೀಟರ್ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲ್ಯೂಷರ್ ಎಂಬ ಇಬ್ಬರು ವಿಜ್ಞಾನಿಗಳು. ಹಾರ್ಮೋನ್ ನಮ್ಮ ಮೈಯೊಳಗೆ ರಕ್ತದ ಜೊತೆ ಓಡಾಡಿ ಸುದ್ದಿ ಮುಟ್ಟಿಸುತ್ತದೆ. ಫೆರೊಮೋನ್ ಅದೇ ಕೆಲಸವನ್ನು ಮೈಯಿಂದ ಹೊರಗೆ ಬಂದು ಮಾಡುತ್ತದೆ.

ಇನ್ನು ಕುಡಿಮೀಸೆ. ಪತಂಗದ ತಲೆಯ ಮೇಲೆ ಎರಡು ಗರಿಗಳ ಹಾಗೆ ಇರುತ್ತವಲ್ಲ, ಅವು. ಪತಂಗದ ಮೂಗು ಅಂದರೆ ಬಹುಪಾಲು ಅದೇ.

ನುಸಿಗುಳಿಗೆ ಇಟ್ಟರೂ ಮರೆಯಾಗದ ವಾಸನೆ

ಫ್ರಾನ್ಸ್‌ನಲ್ಲಿ ಜಾನ್ ಆನ್ರಿ ಫಾಬ್ರ್ ಎಂಬ ಕೀಟಪ್ರೇಮಿ ಇದ್ದರು, 19ನೇ ಶತಮಾನದವರು. ಅವರ ಮನೆಯಲ್ಲಿ ಒಂದು ಬೆಳಿಗ್ಗೆ ಗೂಡಿನಿಂದ ದೊಡ್ಡ ಹೆಣ್ಣು ಪತಂಗವೊಂದು ಹೊರಬಂತು. ಅದನ್ನು ತಂತಿಬಲೆಯ ಪಂಜರದಲ್ಲಿಟ್ಟರು. ಆ ರಾತ್ರಿ ನಲವತ್ತರಷ್ಟು ಗಂಡುಗಳು ಕಿಟಕಿಗಳಿಂದ ನುಗ್ಗಿ ಬಂದು ಪಂಜರದ ಸುತ್ತ ಮುತ್ತಿಕೊಂಡವು.

ಫಾಬ್ರ್ ಒಂದೊಂದೇ ಪರೀಕ್ಷೆ ಮಾಡುತ್ತಾ ಹೋದರು. ಹೆಣ್ಣನ್ನು ಗಾಳಿಯಾಡದ ಹಾಗೆ ಮುಚ್ಚಿಟ್ಟರೆ ಗಂಡುಗಳು ಬರುವುದಿಲ್ಲ. ಮುಚ್ಚಳ ಒಂಚೂರು ಸಡಿಲವಾಗಿದ್ದರೆ ಸಾಕು, ಬರುತ್ತವೆ. ಹಾಗಾದರೆ ವಾಸನೆಯೇ ಇರಬೇಕು ಅಲ್ವಾ? ಅದನ್ನು ಖಚಿತ ಮಾಡಿಕೊಳ್ಳಲು ಕೋಣೆಯಲ್ಲಿ ನುಸಿಗುಳಿಗೆ ಇಟ್ಟರು. ನಮ್ಮ ಮೂಗಿಗಾದರೆ ನುಸಿಗುಳಿಗೆಯ ಘಾಟಿನಲ್ಲಿ ಬೇರೆ ಯಾವ ಸಣ್ಣ ವಾಸನೆಯೂ ಗೊತ್ತಾಗದು. ಗಂಡುಗಳು ಎಂದಿನಂತೆ ಬಂದವು, ಹೆಣ್ಣಿನ ಹತ್ತಿರವೇ ಹೋದವು. ಫಾಬ್ರ್‌ಗೆ ಗೊಂದಲವಾಯಿತು, ಇದು ನಾವು ತಿಳಿದಿರುವ ಥರದ ವಾಸನೆಯೇ ಹೌದೋ ಅಲ್ಲವೋ ಅಂತ.

ಅವರ ಪ್ರಯೋಗ ಸರಿಯಾಗಿತ್ತು. ಗೊಂದಲಕ್ಕೆ ಕಾರಣ, ಪತಂಗದ ಮೂಗು ನಮ್ಮ ಮೂಗಿನ ಹಾಗೆ ಎಲ್ಲ ವಾಸನೆಯನ್ನೂ ಒಟ್ಟಿಗೆ ಅಳೆಯುತ್ತದೆ ಅಂತ ಅಂದುಕೊಂಡಿದ್ದು. ಹೆಣ್ಣಿನ ವಾಸನೆಗೆ ಮೀಸಲಾದ ಭಾಗ ಬೇರೆಯೇ ಇದೆ, ಅದಕ್ಕೆ ನುಸಿಗುಳಿಗೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅದು ಗೊತ್ತಾಗಲು ಇನ್ನೂ ಅರ್ಧ ಶತಮಾನಕ್ಕಿಂತ ಜಾಸ್ತಿ ಹಿಡಿಯಿತು.

ಐದು ಲಕ್ಷ ಹೆಣ್ಣು, ಒಂದು ಅಕ್ಕಿಕಾಳಿನಷ್ಟೂ ಇಲ್ಲದ ವಸ್ತು

ಆ ವಾಸನೆಯ ವಸ್ತುವನ್ನು ಮೊದಲ ಸಲ ಕೈಗೆ ಹಿಡಿದವರು ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬೂಟೆನಾಂಟ್. ಅವರು ಆರಿಸಿಕೊಂಡದ್ದು ರೇಷ್ಮೆ ಪತಂಗವನ್ನು. ನಮ್ಮ ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಗೂಡಿನೊಳಗೆ ಇರುತ್ತದಲ್ಲ, ಅದೇ ಜಾತಿ. ಲಕ್ಷಗಟ್ಟಲೆ ಸಾಕಿ ಒಟ್ಟು ಮಾಡಬಹುದಾದ ಪತಂಗ ಅದೊಂದೇ ಅಂತ ಹೇಳಬೇಕು.

ಸುಮಾರು 20 ವರ್ಷ ಕೆಲಸ ನಡೆಯಿತು. ಸುಮಾರು ಐದು ಲಕ್ಷ ಹೆಣ್ಣು ಪತಂಗಗಳ ಹೊಟ್ಟೆಯ ತುದಿಯ ಗ್ರಂಥಿಗಳನ್ನು ಕತ್ತರಿಸಿ, ಅರೆದು, ಸೋಸಿ, ಬೇರೆ ಬೇರೆ ಭಾಗ ಮಾಡಿದರು. ಯಾವ ಭಾಗದಲ್ಲಿ ಅಸಲಿ ವಸ್ತು ಇದೆ ಅಂತ ಹೇಳಲು ಅವರ ಬಳಿ ಇದ್ದ ಮಾಪಕ ಜೀವಂತ ಗಂಡು ಪತಂಗವೇ. ಗಾಜಿನ ಕಡ್ಡಿಯನ್ನು ದ್ರಾವಣದಲ್ಲಿ ಅದ್ದಿ ಗಂಡಿನ ಮುಂದೆ ಹಿಡಿಯುವುದು. ರೆಕ್ಕೆ ಪಟಪಟ ಬಡಿದರೆ ಹೌದು, ಸುಮ್ಮನಿದ್ದರೆ ಇಲ್ಲ. ಕೊನೆಗೆ ಉಳಿದದ್ದು ಕೆಲವೇ ಮಿಲಿಗ್ರಾಂ, ಒಂದು ಅಕ್ಕಿಕಾಳಿನ ತೂಕವೂ ಇಲ್ಲ. 1959ರಲ್ಲಿ ಅದರ ರಚನೆ ಪ್ರಕಟವಾಯಿತು. ರೇಷ್ಮೆ ಪತಂಗದ ವೈಜ್ಞಾನಿಕ ಹೆಸರು ಬಾಂಬಿಕ್ಸ್ ಮೋರಿ, ಹಾಗಾಗಿ ಇದಕ್ಕೆ ಬಾಂಬಿಕಾಲ್ ಅಂತ ಹೆಸರಿಟ್ಟರು.

ಬಾಂಬಿಕಾಲ್ ಅಣು ಹೇಗಿದೆ ಅಂದರೆ, 16 ಮಣಿ ಪೋಣಿಸಿದ ಸರದ ಹಾಗೆ. ಮಣಿ ಅಂದರೆ ಇಂಗಾಲದ ಪರಮಾಣು. ಸರ ಬಹುತೇಕ ಸಡಿಲ, ಹೇಗೆ ಬೇಕಾದರೂ ಬಳುಕುತ್ತದೆ. ಆದರೆ ಎರಡು ಕಡೆ ಮಾತ್ರ ಗಂಟು ಬಿಗಿ, ಅಲ್ಲಿ ತಿರುಗುವುದಿಲ್ಲ. ಒಂದು ಬಿಗಿ ಗಂಟಿನ ಬಳಿ ಸರ ನೇರವಾಗಿ ಸಾಗುತ್ತದೆ, ಇನ್ನೊಂದರ ಬಳಿ ಮಡಚಿಕೊಳ್ಳುತ್ತದೆ. ಈ ನೇರ ಮತ್ತು ಮಡಿಕೆಯನ್ನು ಅದಲು ಬದಲು ಮಾಡಿದರೆ ನಾಲ್ಕು ಥರದ ಸರ ಆಗುತ್ತದೆ. ನಾಲ್ಕನ್ನೂ ಪ್ರಯೋಗಾಲಯದಲ್ಲಿ ತಯಾರಿಸಿ ಗಂಡುಗಳ ಮುಂದೆ ಹಿಡಿದರು. ಪರಮಾಣುಗಳು ಅವೇ, ತೂಕವೂ ಅದೇ. ಗಂಡು ತೀರಾ ಕಡಿಮೆ ಪ್ರಮಾಣದಲ್ಲೂ ಗುರುತಿಸಿದ್ದು ಒಂದನ್ನೇ, ಉಳಿದ ಮೂರಕ್ಕೆ ಆ ಮಟ್ಟದ ಪ್ರತಿಕ್ರಿಯೆ ಇರಲಿಲ್ಲ. ಅಂದರೆ ಪತಂಗ ಆಕಾರ ನೋಡುತ್ತದೆ.

ಗಾಜಿನ ಲೋಟದ ಕೆಳಗೆ

ಇದನ್ನು ಕಣ್ಣಾರೆ ನೋಡಲು ಪ್ರಯೋಗಾಲಯವೇನೂ ಬೇಡ. ಅಪ್ಪನ ಊರು ರಾಮನಗರದ ಕಡೆ. ಚಿಕ್ಕವನಿದ್ದಾಗ ಅಜ್ಜಿ ಚಂದ್ರಿಕೆಯಿಂದ, ಅಂದರೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಯಿಂದ, ಬಿಡಿಸಿದ ಗೂಡುಗಳಲ್ಲಿ ಐದಾರನ್ನು ನನಗೆ ಅಂತ ಕೊಡುತ್ತಿದ್ದರು. ಬೂಟಿನ ಡಬ್ಬದಲ್ಲಿ ಇಟ್ಟರೆ ಹತ್ತು ಹನ್ನೆರಡು ದಿನಕ್ಕೆ, ಬೆಳಗಿನ ಜಾವ, ಗೂಡಿನ ಒಂದು ತುದಿ ಒದ್ದೆಯಾಗಿ ಅದರಿಂದ ಬಿಳಿ ಪತಂಗ ತೂರಿಕೊಂಡು ಬರುತ್ತಿತ್ತು. ಹೆಣ್ಣು ದಪ್ಪ ಹೊಟ್ಟೆಯದು, ಕೂತಲ್ಲಿಂದ ಕದಲುವುದಿಲ್ಲ. ಹೊಟ್ಟೆಯ ತುದಿಯಿಂದ ಹಳದಿ ಛಾಯೆಯ ಎರಡು ಪುಟ್ಟ ಗುಳ್ಳೆಗಳನ್ನು ಹೊರಗೆ ಉಬ್ಬಿಸುತ್ತದೆ. ಬಾಂಬಿಕಾಲ್ ಹೊರಬರುವುದು ಅಲ್ಲಿಂದ. ಗಂಡು ಅದುವರೆಗೆ ಸುಮ್ಮನೆ ಕೂತಿರುತ್ತದೆ. ಒಂದು ಕ್ಷಣಕ್ಕೆ ಅದರ ಕುಡಿಮೀಸೆ ಮೇಲೇಳುತ್ತದೆ, ಆಮೇಲೆ ಮೈಯೆಲ್ಲ ನಡುಗುವ ಹಾಗೆ ರೆಕ್ಕೆ ಬಡಿಯುತ್ತಾ ನಡೆಯಲು ಶುರು ಮಾಡುತ್ತದೆ. ಸಾಕಿದ ರೇಷ್ಮೆ ಪತಂಗಕ್ಕೆ ಹಾರಲು ಬರುವುದಿಲ್ಲ, ಬರೀ ನಡಿಗೆ.

ಹೆಣ್ಣಿನ ಮೇಲೆ ಗಾಜಿನ ಲೋಟ ಬೋರಲು ಹಾಕಿದರೆ ಗಂಡಿಗೆ ಅದು ಕಣ್ಣೆದುರೇ ಕಾಣಬೇಕು. ಆದರೆ ಅದು ಲೋಟದ ಪಕ್ಕದಲ್ಲೇ ಹಾದುಹೋಗಿ, ಹೆಣ್ಣು ಆಗಲೇ ಕೂತು ಎದ್ದ ಕಾಗದದ ಮೇಲೆ ಗಿರಗಿರ ತಿರುಗುತ್ತದೆ. ಆ ವಯಸ್ಸಿನಲ್ಲಿ ನನಗೆ ಅದು ನೋಡಿ ಅಯ್ಯೋ ಪಾಪ ಅನಿಸುತ್ತಿತ್ತು. ಅದಕ್ಕೆ ಹೆಣ್ಣು ಅಂದರೆ ಬಾಂಬಿಕಾಲ್ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಹೆಣ್ಣಿಗೆ ಮಾತ್ರ ತನ್ನದೇ ಬಾಂಬಿಕಾಲ್ ಗೊತ್ತಾಗುವುದಿಲ್ಲ, ಅದರ ಕುಡಿಮೀಸೆಯಲ್ಲಿ ಅದನ್ನು ಹಿಡಿಯುವ ಭಾಗವೇ ಇಲ್ಲ.

ಬಾಚಣಿಗೆಯಂಥ ಮೂಗು

ಗಂಡಿನ ಕುಡಿಮೀಸೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಎರಡು ಕಡೆ ಹಲ್ಲಿರುವ ಬಾಚಣಿಗೆ ಥರ ಕಾಣುತ್ತದೆ. ಪ್ರತಿ ಹಲ್ಲಿನ ಮೇಲೂ ಸಾಲು ಸಾಲು ರೋಮ. ಬಾಂಬಿಕಾಲ್ ಹಿಡಿಯುವ ಉದ್ದ ರೋಮಗಳು ಒಂದು ಕುಡಿಮೀಸೆಯಲ್ಲೇ ಸುಮಾರು 17,000 ಇವೆ. ಒಂದು ರೋಮದ ಉದ್ದ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಜರಡಿ ಗಾಳಿಗೆ ಅಡ್ಡ ಹಿಡಿದ ಹಾಗೆ ಈ ರೋಮಗಳು ಹಾದುಹೋಗುವ ಗಾಳಿಯನ್ನು ಸೋಸುತ್ತವೆ. ಗಂಡು ರೆಕ್ಕೆ ಬಡಿಯುವುದು ಯಾಕೆ ಅಂತ ಈಗ ಗೊತ್ತಾಗುತ್ತದೆ. ಹಾರಲು ಬರದಿದ್ದರೂ ಆ ಬಡಿತ ಮುಂದಿನ ಗಾಳಿಯನ್ನು ಕುಡಿಮೀಸೆಯ ಕಡೆಗೆ ಎಳೆದುಕೊಳ್ಳುತ್ತದೆ. ನಾವು ಮೂಗು ಅರಳಿಸಿ ಉಸಿರೆಳೆದುಕೊಳ್ಳುವುದಕ್ಕೆ ಅದು ಸಮ.

ಪ್ರತಿ ರೋಮವೂ ಒಂದು ಪೊಳ್ಳು ಕೊಳವೆ. ಅದರ ಗೋಡೆಯಲ್ಲಿ ಅಸಂಖ್ಯ ಸೂಕ್ಷ್ಮ ರಂಧ್ರಗಳು. ಒಳಗೆ ನೀರಿನಂಥ ದ್ರವ. ಆ ದ್ರವದಲ್ಲಿ ಎರಡು ನರಕೋಶಗಳ ತುದಿಗಳು ಚಾಚಿಕೊಂಡಿವೆ. ಒಂದು ಬಾಂಬಿಕಾಲ್‌ಗೆ. ಇನ್ನೊಂದು ಅದಕ್ಕೆ ಬಹಳ ಹತ್ತಿರದ ಬಾಂಬಿಕಲ್ ಎಂಬ ಇನ್ನೊಂದು ವಸ್ತುವಿಗೆ. ಹೆಸರಲ್ಲೂ ಕೂದಲೆಳೆಯ ಅಂತರ, ಅಣುವಿನಲ್ಲೂ ಅಷ್ಟೇ, ಸರದ ತುದಿಯೊಂದು ಮಾತ್ರ ಬೇರೆ.

ಎಣ್ಣೆಯ ಅಣು ನೀರನ್ನು ದಾಟುವುದು ಹೇಗೆ

ಇಲ್ಲಿ ಒಂದು ತೊಡಕಿದೆ. ಬಾಂಬಿಕಾಲ್ ಎಣ್ಣೆಯ ಜಾತಿಯದು. ರೋಮದೊಳಗೆ ಇರುವುದು ನೀರು. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುವುದು ನಮಗೆ ದಿನಾ ಕಾಣುವುದೇ, ಎರಡೂ ಬೆರೆಯುವುದಿಲ್ಲ. ಹಾಗಾದರೆ ರಂಧ್ರದಿಂದ ಒಳಬಂದ ಅಣು ನೀರಿನ ಆಚೆ ದಡದಲ್ಲಿರುವ ನರಕೋಶವನ್ನು ಮುಟ್ಟುವುದು ಹೇಗೆ?

ಅದಕ್ಕೆ ಹರಿಗೋಲು ಇದೆ. ತುಂಗಭದ್ರೆ ದಾಟಿಸುವ ಬುಟ್ಟಿಯಂಥ ದೋಣಿ ಗೊತ್ತಲ್ಲ? ಈ ದ್ರವದಲ್ಲಿ ಫೆರೊಮೋನ್ ಹೊರುವ ಒಂದು ಪ್ರೋಟೀನು ದಂಡಿಯಾಗಿ ತುಂಬಿರುತ್ತದೆ. ಇದನ್ನು 1981ರಲ್ಲಿ ಅಮೆರಿಕದ ಒಂದು ದೊಡ್ಡ ಕಾಡು ರೇಷ್ಮೆ ಪತಂಗದಲ್ಲಿ ಮೊದಲು ಗುರುತಿಸಿದವರು ರಿಚರ್ಡ್ ವೋಗ್ಟ್ ಮತ್ತು ಲಿನ್ ರಿಡಿಫೋರ್ಡ್. ಪ್ರೋಟೀನಿನ ಹೊರಮೈ ನೀರಿಗೆ ಒಗ್ಗುತ್ತದೆ, ಒಳಗಿನ ಗೂಡು ಎಣ್ಣೆಗೆ ಒಗ್ಗುತ್ತದೆ. ಬಾಂಬಿಕಾಲ್ ಆ ಗೂಡಿನಲ್ಲಿ ಕೂತು ನೀರು ದಾಟುತ್ತದೆ.

ಆಚೆ ದಡದಲ್ಲಿ ಇಳಿಯುವುದೂ ಸೊಗಸಾಗಿದೆ. ಪ್ರಯೋಗಾಲಯದಲ್ಲಿ ಕಂಡದ್ದೇನೆಂದರೆ, ಸುತ್ತಲಿನ ದ್ರವ ಹುಳಿಯಾದರೆ, ಅಂದರೆ ಆಮ್ಲೀಯವಾದರೆ, ಈ ಪ್ರೋಟೀನಿನ ಬಾಲ ಸುರುಳಿ ಸುತ್ತಿಕೊಂಡು ತನ್ನದೇ ಗೂಡಿನೊಳಗೆ ನುಗ್ಗುತ್ತದೆ. ಒಳಗಿದ್ದ ಬಾಂಬಿಕಾಲ್ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ನರಕೋಶದ ಪೊರೆಯ ಹತ್ತಿರ ಅಂಥ ಹುಳಿ ವಾತಾವರಣ ಇರುತ್ತದೆ ಎಂದು ತಿಳಿಯಲಾಗಿದೆ.

ಬೀಗವೂ ಅದೇ, ಬಾಗಿಲೂ ಅದೇ

ಇನ್ನು ಗ್ರಾಹಕ. ನರಕೋಶದ ಪೊರೆಯಲ್ಲಿ ಹುದುಗಿ ಕೂತ ಪ್ರೋಟೀನು ಇದು. ಹೊರಗಿನ ಒಂದು ನಿರ್ದಿಷ್ಟ ಅಣು ಬಂದು ಕೂತರೆ ಒಳಗೆ ಸುದ್ದಿ ಮುಟ್ಟಿಸುವುದು ಇದರ ಕೆಲಸ. ರೇಷ್ಮೆ ಪತಂಗದಲ್ಲಿ ಬಾಂಬಿಕಾಲ್‌ಗೆ ಇರುವ ಗ್ರಾಹಕವನ್ನು 2004ರಲ್ಲಿ ಜಪಾನಿನ ವಿಜ್ಞಾನಿಗಳು ಹುಡುಕಿದರು. ಅದರ ಹೆಸರು ಬಿಎಂಓಆರ್ 1.

ನಮ್ಮ ಮೂಗಿನಲ್ಲೂ ಗ್ರಾಹಕಗಳಿವೆ, ಆದರೆ ಕೆಲಸ ಮಾಡುವ ರೀತಿ ಬೇರೆ. ನಮ್ಮಲ್ಲಿ ಗ್ರಾಹಕ ಅಂದರೆ ಕರೆಗಂಟೆ. ಅಣು ಬಂದು ಗಂಟೆ ಒತ್ತುತ್ತದೆ, ಒಳಗಿದ್ದವರು ಒಬ್ಬರಿಗೊಬ್ಬರು ಹೇಳಿ, ಕೊನೆಗೆ ಯಾರೋ ಎದ್ದು ಹೋಗಿ ಬಾಗಿಲು ತೆಗೆಯುತ್ತಾರೆ. ಕೀಟದಲ್ಲಿ ಬೀಗ ಬಾಗಿಲಲ್ಲೇ ಇದೆ. ಕೀಲಿ ಕೂತ ಕೂಡಲೇ ಅದೇ ಬಾಗಿಲು ತೆರೆದುಕೊಂಡು ವಿದ್ಯುತ್ ಕಣಗಳು, ಅಂದರೆ ಅಯಾನುಗಳು, ನರಕೋಶದೊಳಗೆ ನುಗ್ಗುತ್ತವೆ. 2008ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ತೋರಿಸಿದವು.

ಆ ಬಾಗಿಲು ಎರಡು ಥರದ ಪ್ರೋಟೀನು ಸೇರಿ ಆದದ್ದು. ಒಂದು ಬೀಗದ ಭಾಗ, ಅದು ಒಂದೊಂದು ವಾಸನೆಗೆ ಒಂದೊಂದು ಥರ ಇರುತ್ತದೆ. ಇನ್ನೊಂದು ಚೌಕಟ್ಟಿನ ಭಾಗ, ಅದರ ಹೆಸರು ಓರ್ಕೊ. ಈ ಓರ್ಕೊ ಪತಂಗದಲ್ಲೂ ಇದೆ, ಸೊಳ್ಳೆಯಲ್ಲೂ ಇದೆ, ಹಣ್ಣಿನ ನೊಣದಲ್ಲೂ ಇದೆ, ಹೆಚ್ಚೂಕಡಿಮೆ ಒಂದೇ ರೂಪದಲ್ಲಿ. ಬಡಗಿ ಊರಿಗೆಲ್ಲ ಒಂದೇ ಅಳತೆಯ ಚೌಕಟ್ಟು ಮಾಡಿ, ಮನೆಮನೆಗೆ ಬೀಗ ಮಾತ್ರ ಬೇರೆ ಹಾಕಿಕೊಟ್ಟ ಹಾಗೆ.

ಹಾಗಾದರೆ ಬೀಗ ಬದಲಾಯಿಸಿದರೆ? ಇದನ್ನೂ ಮಾಡಿ ನೋಡಿದ್ದಾರೆ, ಈ ಇಡೀ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಪ್ರಯೋಗ ಇದು. ಎಲೆಕೋಸಿನ ಎಲೆಯನ್ನು ತೂತು ತೂತು ಮಾಡುವ ವಜ್ರಬೆನ್ನಿನ ಪತಂಗ ಗೊತ್ತಿರಬಹುದು. ಅದರ ಹೆಣ್ಣಿನ ಫೆರೊಮೋನೇ ಬೇರೆ. ಜಪಾನಿನ ತಂಡ ಆ ಪತಂಗದ ಗ್ರಾಹಕದ ಜೀನನ್ನು ತೆಗೆದು ಗಂಡು ರೇಷ್ಮೆ ಪತಂಗದ ಬಾಂಬಿಕಾಲ್ ನರಕೋಶದಲ್ಲಿ ಕೂರಿಸಿತು. ಅಷ್ಟೇ ಬದಲಾವಣೆ. ಮಿದುಳು ಅದೇ, ರೆಕ್ಕೆ ಕಾಲು ಅವೇ. 2011ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಆ ಗಂಡು ರೇಷ್ಮೆ ಪತಂಗಗಳು ಎಲೆಕೋಸಿನ ಹೆಣ್ಣು ಪತಂಗದ ವಾಸನೆಗೆ ರೆಕ್ಕೆ ಬಡಿದು ಅದನ್ನೇ ಹುಡುಕಿಕೊಂಡು ಹೋದವು. ತಮಗಿಂತ ಎಷ್ಟೋ ಪಾಲು ಸಣ್ಣದಾದ, ಬೇರೆಯೇ ಜಾತಿಯ ಹೆಣ್ಣಿನ ಜೊತೆ ಕೂಡಲು ನೋಡಿದವು. ಇದರಿಂದ ತಿಳಿಯುವುದು ಏನೆಂದರೆ, ಆ ನರಕೋಶ ಮಿಡಿದರೆ ಹೆಣ್ಣು ಇದೆ ಅಂತ ಮಿದುಳು ನಂಬುತ್ತದೆ. ನರಕೋಶವನ್ನು ಮಿಡಿಸಿದ್ದು ಯಾವ ಅಣು ಅಂತ ಮಿದುಳು ಕೇಳುವುದಿಲ್ಲ, ಆ ತಪಾಸಣೆ ಬಾಗಿಲಲ್ಲೇ ಮುಗಿದಿರುತ್ತದೆ.

ಒಂದು ಅಣು ಸಾಕೇ?

ಒಂದು ನರಕೋಶವನ್ನು ಮಿಡಿಸಲು ಒಂದೇ ಒಂದು ಬಾಂಬಿಕಾಲ್ ಅಣು ಸಾಕು. 1957ರಲ್ಲಿ ಡೀಟ್ರಿಚ್ ಷ್ನೈಡರ್ ಎಂಬ ಜರ್ಮನ್ ವಿಜ್ಞಾನಿ ಕುಡಿಮೀಸೆಯ ಎರಡು ತುದಿಗೆ ವಿದ್ಯುತ್ ಸಂಪರ್ಕ ಕೊಟ್ಟು, ವಾಸನೆ ತಾಕಿದಾಗ ಎಷ್ಟು ವಿದ್ಯುತ್ ಹುಟ್ಟುತ್ತದೆ ಅಂತ ಅಳೆಯುವ ದಾರಿ ತೋರಿಸಿದ್ದರು. ಅದೇ ದಾರಿಯಲ್ಲಿ ಮುಂದೆ ಹೋದ ಕಾರ್ಲ್ ಅರ್ನ್ಸ್ಟ್ ಕೈಸ್ಲಿಂಗ್ ಮತ್ತು ಅರ್ನ್ಸ್ಟ್ ಪ್ರೀಸ್ನರ್ 1970ರಲ್ಲಿ ಈ ಲೆಕ್ಕ ಕೊಟ್ಟರು. ಆದರೆ ಒಂದು ಮಿಡಿತಕ್ಕೇ ಪತಂಗ ಓಡುವುದಿಲ್ಲ. ಸುಮ್ನೆ ಏನೂ ಇಲ್ಲದೆಯೂ ನರಕೋಶಗಳು ಆಗಾಗ ಮಿಡಿಯುತ್ತಿರುತ್ತವೆ. ಅದರಿಂದ ಬೇರೆಯಾಗಿ ಕಾಣಬೇಕೆಂದರೆ ಒಂದು ಸೆಕೆಂಡಿನಲ್ಲಿ ಸುಮಾರು 200 ಅಣುಗಳು ಬಂದು ತಟ್ಟಬೇಕು. ಅದೂ ಅತಿ ಕಡಿಮೆಯೇ. ಮದುವೆ ಛತ್ರದ ಗದ್ದಲದಲ್ಲಿ ಒಬ್ಬರು ನಮ್ಮ ಹೆಸರು ಕೂಗಿದರೆ ಗೊತ್ತಾಗುವುದು ಕಷ್ಟ, ಹತ್ತು ಜನ ಒಟ್ಟಿಗೆ ಕೂಗಿದರೆ ತಿರುಗಿ ನೋಡುತ್ತೇವೆ ಅಲ್ವಾ, ಹಾಗೆ.

ಹಿಡಿದ ವಾಸನೆಯನ್ನು ಅಳಿಸುವುದೂ ಅಷ್ಟೇ ಮುಖ್ಯ

ಹೆಣ್ಣಿನ ವಾಸನೆ ಗಾಳಿಯಲ್ಲಿ ನೇರ ದಾರದ ಹಾಗೆ ಬರುವುದಿಲ್ಲ. ಊದುಬತ್ತಿಯ ಹೊಗೆ ನೋಡಿ. ಸ್ವಲ್ಪ ದೂರ ಸರಳವಾಗಿ ಏರಿ ಆಮೇಲೆ ಎಳೆ ಎಳೆಯಾಗಿ ಹರಿದುಹೋಗುತ್ತದೆ. ನಡುನಡುವೆ ಖಾಲಿ ಗಾಳಿ. ಪತಂಗಕ್ಕೆ ಸಿಗುವುದೂ ಹೀಗೆ ತುಂಡು ತುಂಡು ವಾಸನೆ. ಹಳೆಯ ಅಣು ರೋಮದೊಳಗೇ ಉಳಿದುಕೊಂಡರೆ, ವಾಸನೆ ಈಗ ಇದೆಯೋ ಆಗ ಇತ್ತೋ ಅಂತ ಗೊತ್ತಾಗದೆ ದಾರಿ ತಪ್ಪುತ್ತದೆ. ಅದಕ್ಕೇ ಆ ದ್ರವದಲ್ಲಿ ಫೆರೊಮೋನನ್ನು ಮುರಿದು ಹಾಕುವ ಕಿಣ್ವಗಳೂ ಇವೆ. ಮೇಲೆ ಹೇಳಿದ ಅಮೆರಿಕದ ಕಾಡು ಪತಂಗದಲ್ಲಿ ಅಂಥ ಒಂದು ಕಿಣ್ವವನ್ನು ಅಳೆದಾಗ, ಹರಿಗೋಲಿನಲ್ಲಿ ಕೂರದೆ ಬಿಡಿಯಾಗಿರುವ ಫೆರೊಮೋನಿನ ಅರ್ಧ ಭಾಗವನ್ನು ಅದು ಸುಮಾರು 15 ಮಿಲಿಸೆಕೆಂಡಿನಲ್ಲಿ ಮುಗಿಸಬಲ್ಲದು ಅಂತ ಲೆಕ್ಕ ಬಂತು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ.

ಈ ತುಂಡು ಸುದ್ದಿಯನ್ನು ಇಟ್ಟುಕೊಂಡು ಪತಂಗ ಹೆಣ್ಣನ್ನು ಹುಡುಕುವ ಕ್ರಮವೂ ಸರಳ. ವಾಸನೆಯ ಎಳೆ ತಾಕಿದರೆ ಗಾಳಿಗೆ ಎದುರಾಗಿ ಮುಂದೆ ನುಗ್ಗು. ತಪ್ಪಿಹೋದರೆ ಎಡಕ್ಕೆ ಬಲಕ್ಕೆ ಅಂಕುಡೊಂಕಾಗಿ ತಡಕಾಡು. ಮತ್ತೆ ತಾಕಿದರೆ ಮತ್ತೆ ಮುಂದೆ. ನಡೆಯುವ ರೇಷ್ಮೆ ಪತಂಗವಾದರೆ ಅಂಕುಡೊಂಕಿನ ಆಮೇಲೆ ಸುತ್ತು ಹೊಡೆಯುತ್ತದೆ. ಬೂಟಿನ ಡಬ್ಬದ ಕಾಗದದ ಮೇಲೆ ನಾನು ನೋಡಿದ ಗಿರಗಿರ ಇದೇ. ಮಿದುಳಿನಲ್ಲಿ ಬಾಂಬಿಕಾಲ್ ನರಗಳೆಲ್ಲ ಬಂದು ಸೇರಲು ಪ್ರತ್ಯೇಕ ಜಾಗವಿದೆ, ಗಂಡಿನಲ್ಲಿ ಮಾತ್ರ ದೊಡ್ಡದಾಗಿ ಬೆಳೆಯುವ ಜಾಗ ಅದು. ರೋಮದಲ್ಲಿ ಪಕ್ಕಪಕ್ಕದಲ್ಲೇ ಇದ್ದ ಬಾಂಬಿಕಲ್ ನರಕ್ಕೆ ಅಲ್ಲೇ ಬದಿಯಲ್ಲಿ ಬೇರೆ ಜಾಗ. ಬಾಂಬಿಕಾಲ್ ಹೋಗು ಅಂದರೆ ಬಾಂಬಿಕಲ್ ತಡೆ ಹಾಕುತ್ತದೆ.

ಮತ್ತೆ ಹತ್ತಿ ಹೊಲಕ್ಕೆ

ಈಗ ಆ ರಬ್ಬರ್ ತುಂಡಿಗೆ ಬರೋಣ. ಅಂಗಡಿಯಲ್ಲಿ ಲ್ಯೂರ್ ಅಂತ ಕೇಳಿದರೆ ಕೊಡುವುದು ಇದನ್ನೇ. ಕಾರ್ಖಾನೆಯಲ್ಲಿ ತಯಾರಿಸಿದ ಹೆಣ್ಣಿನ ಫೆರೊಮೋನನ್ನು ರಬ್ಬರಿಗೆ ಕುಡಿಸಿರುತ್ತಾರೆ, ಅದು ದಿನಾ ಚೂರುಚೂರೇ ಗಾಳಿಗೆ ಬಿಡುತ್ತದೆ. ಗುಲಾಬಿ ಕಾಯಿಕೊರಕದ ಫೆರೊಮೋನಿನಲ್ಲಿ ಒಂದೇ ಸರದ ಎರಡು ರೂಪಗಳಿವೆ, ಮಡಿಕೆ ಒಂದು ಕಡೆ ಮಾತ್ರ ಬೇರೆ, ಹೆಚ್ಚೂಕಡಿಮೆ ಸಮ ಸಮ ಬೆರೆತಿರುತ್ತವೆ. ತೊಗರಿ, ಕಡಲೆಗೆ ಬೀಳುವ ಹಸಿರು ಕಾಯಿಕೊರಕದ ಫೆರೊಮೋನ್ ಬೇರೆಯೇ ಎರಡು ವಸ್ತುಗಳ ಬೆರಕೆ, ಅದರ ಲ್ಯೂರ್‌ನಲ್ಲಿ 97ಕ್ಕೆ 3ರ ಅಳತೆ. ಹಾಗಾಗಿ ಹತ್ತಿಯ ಲ್ಯೂರ್ ತೊಗರಿ ಹೊಲದಲ್ಲಿ ಕಟ್ಟಿದರೆ ಪ್ರಯೋಜನವಿಲ್ಲ. ಎರಡು ಥರದ ಲ್ಯೂರನ್ನು ಅದೇ ಬರಿಗೈಯಲ್ಲಿ ಮುಟ್ಟಿದರೆ ಒಂದರದ್ದು ಇನ್ನೊಂದಕ್ಕೆ ಹತ್ತುತ್ತದೆ, ನೂರರಲ್ಲಿ ಮೂರು ಪಾಲಿಗೂ ಬೆಲೆ ಇರುವ ಮೂಗಿಗೆ ಅದು ದೊಡ್ಡ ವ್ಯತ್ಯಾಸ. ಕೈಗವಸು ಹಾಕಿಕೊಳ್ಳಿ ಅನ್ನುವುದು ಇದಕ್ಕೇ.

ಕೆಲವೊಮ್ಮೆ ಒಂದೇ ಅಣುವನ್ನು ತೀರಾ ಸಂಬಂಧವಿಲ್ಲದ ಜೀವಿಗಳೂ ಬಳಸುತ್ತವೆ. ನಮ್ಮ ನಾಗರಹೊಳೆ, ಬಂಡೀಪುರದಲ್ಲಿರುವ ಏಷ್ಯಾದ ಆನೆಯನ್ನೇ ತಗೊಳ್ಳಿ. ಬೆದೆಗೆ ಬಂದ ಹೆಣ್ಣಾನೆಯ ಮೂತ್ರದಲ್ಲಿರುವ ಫೆರೊಮೋನ್, ನೂರಕ್ಕೂ ಹೆಚ್ಚು ಜಾತಿಯ ಪತಂಗಗಳು ತಮ್ಮ ಬೆರಕೆಯಲ್ಲಿ ಬಳಸುವ ಒಂದು ಅಣುವೇ ಅಂತ 1996ರಲ್ಲಿ ಗೊತ್ತಾಯಿತು. ಪತಂಗಕ್ಕೆ ಬೇಕಾದ್ದು ತನ್ನ ಜಾತಿಯ ಪೂರ್ತಿ ಬೆರಕೆ, ಸರಿಯಾದ ಅಳತೆಯಲ್ಲಿ. ಆದ್ದರಿಂದ ಆನೆ ಹಿಂದೆ ಪತಂಗ ಹೋಗುವುದಿಲ್ಲ.

ಪಕ್ಕದ ಹೊಲದವರ ಮೊದಲ ಪ್ರಶ್ನೆ, ವಿಷ ಇದೆಯೇ ಅಂತ. ಇಲ್ಲ. ಲ್ಯೂರ್ ಕರೆಯುತ್ತದೆ, ಕೊಲ್ಲುವುದಿಲ್ಲ. ಆಲಿಕೆಗೆ ಇಳಿದ ಪತಂಗ ಮೇಲೆ ಬರಲಾಗದೆ ಚೀಲದಲ್ಲೇ ಸಾಯುತ್ತದೆ. ಜೇನುಹುಳಕ್ಕೆ, ದನಕ್ಕೆ ಆ ವಾಸನೆಯಿಂದ ಏನೂ ಇಲ್ಲ. ಎರಡನೆಯದು, ನಮ್ಮ ಹೊಲದ ಹುಳವೂ ಬರುತ್ತದೆಯೇ ಅಂತ. ಕಾಯಿಯೊಳಗಿನ ಹುಳು ಬರುವುದಿಲ್ಲ, ಅದಕ್ಕೆ ಈ ವಾಸನೆಯಿಂದ ಆಗಬೇಕಾದ್ದು ಏನೂ ಇಲ್ಲ. ಮೊಟ್ಟೆ ಇಡುವ ಹೆಣ್ಣೂ ಬರುವುದಿಲ್ಲ. ಅಕ್ಕಪಕ್ಕದ ಹೊಲದಿಂದ ಗಂಡು ಬರಬಹುದು, ಆದರೆ ಗಂಡು ಬಂದರೆ ಕಾಯಿಗೆ ನಷ್ಟವಿಲ್ಲ.

ಹಾಗಂತ ಬಲೆ ಕಟ್ಟಿದರೆ ಹುಳು ಮುಗಿಯಿತು ಅಂತಲೂ ಅಲ್ಲ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ. ಅರ್ಧ ಗಂಡುಗಳು ಬಲೆಗೆ ಬಿದ್ದರೂ ಉಳಿದವು ಸಾಕು. ನಾಲ್ಕಾರು ಬಲೆಗಳ ಮುಖ್ಯ ಉಪಯೋಗ ಲೆಕ್ಕ. ಗುಲಾಬಿ ಕಾಯಿಕೊರಕಕ್ಕೆ ಕೃಷಿ ವಿಜ್ಞಾನಿಗಳು ಹೇಳುವ ಗಡಿ ಹೀಗಿದೆ: ಒಂದು ಬಲೆಗೆ ರಾತ್ರಿಗೆ 8 ಪತಂಗ, ಸತತ ಮೂರು ರಾತ್ರಿ. ಅದನ್ನು ದಾಟಿದರೆ ಔಷಧಿಯ ಮಾತು. ಹುಳು ಕೊಲ್ಲುವ ವಿಷವನ್ನು ಗಿಡವೇ ತಯಾರಿಸಿಕೊಳ್ಳುವ ಬಿಟಿ ಹತ್ತಿಗೂ ಈ ಹುಳು ಬಗ್ಗದೆ ಇರುವ ಈ ಕಾಲದಲ್ಲಿ ಈ ಎಣಿಕೆ ಬಹಳ ಮುಖ್ಯ. ಹುಳು ಕಾಯಿಯೊಳಗೆ ಹೊಕ್ಕ ಮೇಲೆ ಹೊರಗಿನಿಂದ ಏನು ಹೊಡೆದರೂ ಅದಕ್ಕೆ ತಾಕುವುದು ಕಷ್ಟ.

ಇನ್ನೊಂದು ಉಪಾಯವೂ ಇದೆ. ಹೊಲದ ತುಂಬಾ ಫೆರೊಮೋನ್ ಬಿಡುವ ಎಳೆಗಳನ್ನು ಗಿಡಕ್ಕೆ ಕಟ್ಟಿಬಿಡುವುದು. ಎಲ್ಲಿ ನೋಡಿದರೂ ಹೆಣ್ಣಿನ ವಾಸನೆಯೇ ಆದಾಗ ಗಂಡಿಗೆ ನಿಜವಾದ ಹೆಣ್ಣು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಜಾತ್ರೆಯಲ್ಲಿ ನಾಲ್ಕು ದಿಕ್ಕಿನಿಂದಲೂ ಧ್ವನಿವರ್ಧಕ ನಿಮ್ಮ ಹೆಸರನ್ನೇ ಕೂಗುತ್ತಿದ್ದರೆ, ಕರೆಯುತ್ತಿರುವ ಅಮ್ಮ ಎಲ್ಲಿ ನಿಂತಿದ್ದಾಳೆ ಅಂತ ಹೇಗೆ ತಿಳಿಯಬೇಕು? ಅಮೆರಿಕದವರು ಬಿಟಿ ಹತ್ತಿ, ಸಂತಾನಶಕ್ತಿ ತೆಗೆದ ಪತಂಗಗಳು, ಇವುಗಳ ಜೊತೆ ಈ ಉಪಾಯವನ್ನೂ ವರ್ಷಗಟ್ಟಲೆ ಒಟ್ಟಾಗಿ ನಡೆಸಿದರು. ತಮ್ಮ ಹತ್ತಿ ಸೀಮೆಯಲ್ಲಿ ಗುಲಾಬಿ ಕಾಯಿಕೊರಕ ಇಲ್ಲವಾಯಿತು ಅಂತ 2018ರಲ್ಲಿ ಘೋಷಿಸಿದರು. ಅಕ್ಕಪಕ್ಕದ ಹೊಲದವರೆಲ್ಲ ಸೇರಿ ಮಾಡಿದರೆ ಮಾತ್ರ ಇದು ನಡೆಯುತ್ತದೆ. ಪಕ್ಕದಲ್ಲಿ ಕೂಡಿದ ಹೆಣ್ಣು ಹಾರಿ ಬಂದು ನಮ್ಮ ಗಿಡದ ಮೇಲೆ ಮೊಟ್ಟೆ ಇಟ್ಟರೆ ಕಟ್ಟಿದ್ದೆಲ್ಲ ದಂಡ.

ಇಷ್ಟನ್ನೂ ಅವತ್ತು ಬದುವಿನ ಮೇಲೆ ಕೂತು ಒಂದೊಂದಾಗಿ ಹೇಳಿದೆ. ಪಕ್ಕದ ಹೊಲದವರು ಚೀಲದಿಂದ ಒಂದು ಪತಂಗ ತೆಗೆದು, ಮೊಬೈಲ್ ಕ್ಯಾಮೆರಾ ದೊಡ್ಡದು ಮಾಡಿ ಅದರ ಕುಡಿಮೀಸೆಯನ್ನು ಬಹಳ ಹೊತ್ತು ನೋಡಿದರು. ಮರುದಿನ ತಾವೂ ಎರಡು ಬಲೆ ತಂದರಂತೆ. ನಿನ್ನೆ ರಾತ್ರಿ ಮಾವ ಫೋನ್ ಮಾಡಿದ್ದರು. ಕ್ಯಾಲೆಂಡರಿನಲ್ಲಿ ಬರೆದಿಟ್ಟ ಮೂರು ರಾತ್ರಿಯ ಲೆಕ್ಕ ಓದಿದರು: 11, 9, 6. "ಔಷಧಿ ಈಗಲೇ ಬೇಡ, ಇನ್ನೊಂದೆರಡು ರಾತ್ರಿ ಎಣಿಸಿ ನೋಡ್ತೀನಿ" ಅಂದರು.